ಆರನೆಯ ಕಾಲು

ನನ್ನ ಷಡ್ಡಕನಿಗೆ ಊರವರು ಇಟ್ಟ ಅಡ್ಡಹೆಸರು ‘ಅರ್ಥಾಗಿಲ್ಲ’. ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ, ವಾಚನಾಲಯದ ಮೆಟ್ಟಿಲ ಮೇಲಾಗಲಿ, ‘ಅರ್ಥಾಗಿಲ್ಲ ಬಂದ ನೋಡು’ ಎಂದರೆ ಯಾರು ಬಂದರೆಂದು ಎಲ್ಲರಿಗೂ ಗೊತ್ತು. ಆ ಹೆಸರು ಹುಟ್ಟಿದ್ದು ನನ್ನ ಬಾಯಿಂದ. ನಾಲ್ಕು ವರ್ಷ ಅದರ ಬಗ್ಗೆ ನನಗೆ ಒಳಗೊಳಗೇ ಒಂದಿಷ್ಟು ಹೆಮ್ಮೆ ಇತ್ತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಇದು ಅಡಿಯಿಂದ ಮುಡಿಯವರೆಗೆ ನಾಚಿಕೆಯದೇ ಕಥೆ.

ನಾನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೋಧಕ. ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಮನೆಗಳಿಗೆ ವೈರಿಂಗ್ ಮಾಡುವವನು. ಹತ್ತನೆಯ ತರಗತಿಗೆ ಓದು ನಿಲ್ಲಿಸಿದ್ದ. ಅದನ್ನು ನಾನೆಂದೂ ಆಡಿ ತೋರಿಸಿದವನಲ್ಲ. ಆಡದೆಯೇ ತೋರಿಸುವ ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು. ಅವನು ಮನೆಗೆ ಬಂದರೆ ಕೂರಿಸಿ ಟೀ ಕೊಡಿಸುತ್ತಿದ್ದೆ, ಆಮೇಲೆ ಯಾವುದಾದರೊಂದು ಸರ್ಕೀಟಿನ ವಿಷಯ ತೆಗೆದು ಅವನು ಆಕಳಿಕೆ ನುಂಗುವವರೆಗೆ ಕೊರೆಯುತ್ತಿದ್ದೆ. ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳುವುದು ನನ್ನ ಮೇಷ್ಟ್ರು ಚಾಳಿ. ‘ಆಯ್ತಣ್ಣ’ ಅನ್ನುತ್ತಿದ್ದ, ಮತ್ತು ಹೋಗುವ ಮುಂಚೆ ನಮ್ಮ ಮನೆಯ ಯಾವುದೋ ಸಡಿಲವಾದ ಸ್ವಿಚ್ಚನ್ನು ಬಿಗಿದು ಹೋಗುತ್ತಿದ್ದ.

ನಮ್ಮ ಬೀದಿಯ ವಾಚನಾಲಯದ ಮೇಲೆ ಒಂದು ಸಭಾಂಗಣ ಕಟ್ಟಿದಾಗ ಅದರ ವೈರಿಂಗ್ ಕೆಲಸ ಷಡ್ಡಕನಿಗೆ ಸಿಕ್ಕಿತು. ಅದು ಅವನ ಮೊದಲ ದೊಡ್ಡ ಕೆಲಸ. ಇದೊಂದು ಸರಿಹೋದರೆ ಪಕ್ಕದಲ್ಲಿ ಏಳುತ್ತಿದ್ದ ಶಾಲೆಯ ಕಟ್ಟಡವೂ ನಿನಗೇ ಎಂದು ವಾಚನಾಲಯದ ಸಮಿತಿಯ ಅಧ್ಯಕ್ಷರು ಬಾಯಿಬಿಟ್ಟು ಹೇಳಿದ್ದರು. ನಾದಿನಿ ಆಗಲೇ ‘ಇನ್ನು ನಮ್ಮವರು ಏಣಿ ಹೊತ್ಕೊಂಡು ಮನೆಮನೆ ಅಲೆಯೋದು ತಪ್ಪುತ್ತೆ’ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದಳು. ಧ್ವನಿಯ ಏರ್ಪಾಡನ್ನು ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ. ಅಂಗಡಿಯಿಂದ ಒಂದು ಪೆಟ್ಟಿಗೆ ತಂದಿಟ್ಟರೆ ಮುಗಿಯುತ್ತಿತ್ತು. ಆದರೆ ಧ್ವನಿಯನ್ನು ಹಿಗ್ಗಿಸುವ ಆ ಪ್ರೀ-ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಿಕೊಡುತ್ತೇನೆಂದು ನಾನೇ ಹಟ ಹಿಡಿದೆ. ಅಧ್ಯಕ್ಷರು ‘ನಮ್ಮ ಮೇಷ್ಟ್ರು ಇರುವಾಗ ಅಂಗಡಿ ಯಾಕೆ’ ಎನ್ನುವವರೆಗೆ ಅವರನ್ನು ಬಿಡಲಿಲ್ಲ.

ಆ ಪೆಟ್ಟಿಗೆಗೆ ಎರಡು ಬಗೆಯ ಧ್ವನಿ ಬರಬೇಕಿತ್ತು. ಮೈಕಿನದು ಬ್ಯಾಲೆನ್ಸ್ಡ್, ಮೂರು ತಂತಿ. ಒಂದರಲ್ಲಿ ಧ್ವನಿ ನೆಟ್ಟಗೆ, ಇನ್ನೊಂದರಲ್ಲಿ ಅದೇ ಧ್ವನಿ ತಲೆಕೆಳಗಾಗಿ, ಮೂರನೆಯದು ಗ್ರೌಂಡ್. ಪೆಟ್ಟಿಗೆ ಮೊದಲೆರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ದಾರಿಯಲ್ಲಿ ಅಂಟಿಕೊಂಡ ಗೊರಗೊರ ಎರಡರಲ್ಲೂ ಒಂದೇ ಸಮ ಇರುವುದರಿಂದ ಕಳೆದುಹೋಗುತ್ತದೆ. ಇಬ್ಬರು ಹುಡುಗರು ದೂರು ತಂದರೆ ಇಬ್ಬರೂ ಒಂದೇ ಬಾಯಲ್ಲಿ ಹೇಳಿದ್ದನ್ನು ಬಿಟ್ಟು, ಅವರ ಮಾತು ಎಲ್ಲಿ ಬೇರೆಯಾಗುತ್ತದೋ ಅಷ್ಟನ್ನೇ ಕೇಳುವ ಮೇಷ್ಟರ ಹಾಗೆ. ಹಾಡು ಹಾಕುವ ಟೇಪ್ ಡೆಕ್ಕಿನದು ಅನ್‌ಬ್ಯಾಲೆನ್ಸ್ಡ್, ಎರಡೇ ತಂತಿ, ಒಂದು ಧ್ವನಿಗೆ, ಒಂದು ಗ್ರೌಂಡಿಗೆ. ಎರಡನ್ನೂ ಒಂದೇ ಪೆಟ್ಟಿಗೆಗೆ ಒಗ್ಗಿಸಲು ನಾನು ಆರು ಕಾಲಿನ ಒಂದು ಸ್ವಿಚ್ ಹಾಕಿದೆ. ಮೇಲಿನ ಎರಡು ಕಾಲು ಮೈಕಿಗೆ, ನಡುವಿನೆರಡು ಒಳಗಿನ ಸರ್ಕೀಟಿಗೆ, ಕೆಳಗಿನ ಎರಡು ಟೇಪಿಗೆ. ಟೇಪಿನ ಕಡೆ ತಿರುಗಿಸಿದಾಗ ಆರನೆಯ ಕಾಲು ಗ್ರೌಂಡಿಗೆ ಸೇರಬೇಕು. ಸೇರದಿದ್ದರೆ ಪೆಟ್ಟಿಗೆಯ ಒಂದು ಕಿವಿ ಗಾಳಿಗೆ ತೆರೆದುಕೊಂಡು, ಗೋಡೆಯೊಳಗಿನ ಕರೆಂಟಿನ ಗುಂಯ್ ಎನ್ನುವ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಇದನ್ನು ನಾನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಊಟದ ಮೇಜಿನ ಮೇಲೆ ಮೂರು ವಾರ ಕೂತು ಕಟ್ಟಿದೆ. ನಕ್ಷೆ ಹರಡಿಕೊಂಡು, ಒಂದೊಂದು ತಂತಿ ಬೆಸುಗೆಯಾದಂತೆಲ್ಲ ಕೆಂಪು ಪೆನ್ಸಿಲಿನಿಂದ ಗುರುತು ಹಾಕುವುದು ನನ್ನ ಪದ್ಧತಿ. ಒಂದು ಸಂಜೆ ಪರೀಕ್ಷೆ ಮಾಡುವ ಅವಸರದಲ್ಲಿ ಆರನೆಯ ಕಾಲಿಗೆ ತಂತಿ ಬೆಸೆಯದೆ, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ತಂತಿಯೊಂದನ್ನು ಕಚ್ಚಿಸಿ, ಟೇಪ್ ಹಾಕಿ ಕೇಳಿದೆ. ಹಾಡು ಕನ್ನಡಿಯಷ್ಟು ಸ್ವಚ್ಛ. ಖುಷಿಯಲ್ಲಿ ನಕ್ಷೆಯ ಆ ತಂತಿಗೂ ಕೆಂಪು ಗುರುತು ಹಾಕಿದೆ. ಮಾರನೆಯ ದಿನ ಮುಚ್ಚಳ ಹಾಕುವಾಗ, ಒಳಗೆ ಜೋತಾಡುವ ಕ್ಲಿಪ್ ಅಸಹ್ಯವೆನ್ನಿಸಿ ತೆಗೆದು ಡ್ರಾಯರಿಗೆ ಹಾಕಿದೆ. ನಾಲ್ಕು ಸ್ಕ್ರೂ ಬಿಗಿದೆ. ಇಷ್ಟೇ ನಡೆದದ್ದು.

ಸಭಾಂಗಣದಲ್ಲಿ ಮೊದಲ ದಿನ ಮೈಕು ಸೊಗಸಾಗಿ ಕೇಳಿಸಿತು. ಅಧ್ಯಕ್ಷರು ಕೆಮ್ಮಿದ್ದೂ ಸೊಗಸಾಗಿಯೇ ಕೇಳಿಸಿತು. ಟೇಪಿನ ಕಡೆ ತಿರುಗಿಸಿದೆ ನೋಡಿ, ಗುಂಯ್ ಎಂದು ಎದ್ದ ಸದ್ದಿಗೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ನನ್ನ ಮುಖ ಕಾದ ಬಾಣಲೆಯಾಯಿತು. ಮನೆಯಲ್ಲಿ ಚೆನ್ನಾಗಿತ್ತು, ಇಲ್ಲಿ ಚೆನ್ನಾಗಿಲ್ಲ, ಆದ್ದರಿಂದ ತಪ್ಪು ಇಲ್ಲಿಯದು. ಒಂದು ನಿಮಿಷ ಯೋಚಿಸಿದ್ದರೂ ಸಾಕಿತ್ತು. ಯೋಚಿಸದೆ ಎದ್ದುನಿಂತು ಪಾಠ ಮಾಡಿದೆ. ಬ್ಯಾಲೆನ್ಸ್ಡ್ ತಂತಿ ಕಟ್ಟಡದ ಕೊಳೆಯನ್ನು ಮುಚ್ಚಿಹಾಕುತ್ತದೆ, ಅನ್‌ಬ್ಯಾಲೆನ್ಸ್ಡ್ ತಂತಿ ಅದನ್ನು ಬಯಲು ಮಾಡುತ್ತದೆ, ಆದ್ದರಿಂದ ಈ ಕಟ್ಟಡದ ಗ್ರೌಂಡ್ ಸರಿಯಿಲ್ಲ, ಎಂದೆ. ಕೇಳಲು ಎಷ್ಟು ಚೆಂದ! ಎಲ್ಲರೂ ಹೌದೌದು ಎಂದು ತಲೆಯಾಡಿಸಿ, ಬಾಗಿಲ ಹತ್ತಿರ ನಿಂತಿದ್ದ ಷಡ್ಡಕನ ಕಡೆ ತಿರುಗಿದರು.

ಅವನು ಮರುದಿನವೇ, ಕಟ್ಟಡದ ಗ್ರೌಂಡ್ ತಂತಿ ಇಳಿದಿದ್ದ ಹಿತ್ತಲಿನ ಗುಂಡಿ ಅಗೆದು, ಹಳೆಯ ಇದ್ದಿಲು, ಉಪ್ಪು ಎಲ್ಲ ತೆಗೆದು, ತಾಮ್ರದ ತಗಡನ್ನು ಉಜ್ಜಿ, ಹೊಸದಾಗಿ ತುಂಬಿ ಮುಚ್ಚಿದ. ಗ್ರಂಥಪಾಲಕಿಯ ಹೂವಿನ ಗಿಡಗಳು ಹಾಳಾದವೆಂದು ಅವರಿಂದ ಬೈಸಿಕೊಂಡ. ವಾರದ ಮೇಲೆ ಮತ್ತೊಮ್ಮೆ ಪರೀಕ್ಷೆ. ಅಧ್ಯಕ್ಷರು, ಗ್ರಂಥಪಾಲಕಿ, ಶಾಲೆಯ ಕಟ್ಟಡ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ, ಹದಿನೈದಿಪ್ಪತ್ತು ಜನ. ಸ್ವಿಚ್ ತಿರುಗಿಸಿದೆ. ಅದೇ ಗುಂಯ್.

ಆಗ ಷಡ್ಡಕ ನನ್ನ ಪಕ್ಕ ಬಂದು, ಅಂಗೈ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಹೇಳಿದ.

“ಅಣ್ಣಾ, ನಿನ್ನೆ ಮುಚ್ಚಳ ತೆಗೆದು ನೋಡ್ದೆ, ತಪ್ಪು ತಿಳ್ಕೋಬೇಡಿ. ಸ್ವಿಚ್ಚಿನ ಹತ್ರ ಒಂದು ಕಾಲು... ಅರ್ಥಾಗಿಲ್ಲ.”

ಆ ಗದ್ದಲದಲ್ಲಿ ನನಗೆ ಕೇಳಿಸಿದ್ದು ಹಾಗೆ. ಮೂಗಿನ ತುದಿಯಲ್ಲೇ ಇದ್ದ ಕೋಪ ಹೊರಗೆ ಬಂತು.

“ಅರ್ಥ ಆಗದಿದ್ದ ಮೇಲೆ ನನ್ನ ಪೆಟ್ಟಿಗೆಗೆ ಯಾಕಪ್ಪಾ ಕೈ ಹಾಕ್ದೆ?” ಎಂದು ಗಟ್ಟಿಯಾಗಿ ಕೇಳಿದೆ. ಅದೂ ಸಾಲದೆ ಜನರ ಕಡೆ ತಿರುಗಿ, “ಕೇಳಿದ್ರಾ? ಕಟ್ಟಡಕ್ಕೆಲ್ಲ ವೈರ್ ಎಳೆದವರಿಗೆ ಅರ್ಥಾಗಿಲ್ಲವಂತೆ!” ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಮೇಲ್ವಿಚಾರಕನಂತೂ ಕಣ್ಣೊರೆಸಿಕೊಂಡು ನಕ್ಕ. ಷಡ್ಡಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡು ಕೆಳಗಿಳಿದು ಹೋದ. ಹೋಗಿ ಎರಡನೆಯ ಸಲ ಗುಂಡಿ ಅಗೆದ.

ಶಾಲೆಯ ಕೆಲಸ ಬೇರೆಯವರ ಪಾಲಾಯಿತು. ಸಭಾಂಗಣದಲ್ಲಿ ಹಾಡು ಬೇಕಾದಾಗ ಯಾರಾದರೂ ಚಿಕ್ಕ ಟೇಪ್ ರೆಕಾರ್ಡರಿನ ಮುಂದೆ ಮೈಕು ಹಿಡಿದು ನಿಲ್ಲುತ್ತಿದ್ದರು. ಪ್ರತಿ ಸಲವೂ ಯಾರೋ ಒಬ್ಬರು ‘ಅರ್ಥಾಗಿಲ್ಲನ ಕೃಪೆ’ ಎನ್ನುವರು, ಉಳಿದವರು ನಗುವರು, ನಾನೂ ನಗುವೆ. ಮನೆಗಳ ಕೆಲಸವೂ ಕಡಿಮೆಯಾಯಿತು. ಅರ್ಥವಾಗದವನ ಕೈಗೆ ಕರೆಂಟು ಕೊಡುವವರು ಯಾರು? ಅವನು ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯೊಂದರಲ್ಲಿ ಆಳಾಗಿ ಸೇರಿಕೊಂಡ. ನಮ್ಮ ಮನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಬರುತ್ತಿದ್ದ, ಟೀ ಕುಡಿಯುತ್ತಿದ್ದ, ನನ್ನ ಕೊರೆತ ಕೇಳುತ್ತಿದ್ದ. ನಾನು ‘ಅರ್ಥ ಆಯ್ತಾ?’ ಎನ್ನುವುದನ್ನೂ ಬಿಟ್ಟಿರಲಿಲ್ಲ.

ಹೋದ ತಿಂಗಳು ವಾಚನಾಲಯಕ್ಕೆ ಹೊಸ ಸಲಕರಣೆ ಬಂತು. ಗ್ರಂಥಪಾಲಕಿ ನನ್ನ ಪೆಟ್ಟಿಗೆಯನ್ನು ದಿನಪತ್ರಿಕೆಯಲ್ಲಿ ಸುತ್ತಿ, “ನಿಮ್ಮ ಸಾಮಾನು ಸಾರ್” ಎಂದು ಕೊಟ್ಟರು. ಒಳಗಿನ ಟ್ರಾನ್ಸ್‌ಫಾರ್ಮರ್ ಉಪಯೋಗಕ್ಕೆ ಬಂದೀತೆಂದು ಅದೇ ಊಟದ ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದೆ.

ಐದು ಕಾಲಿಗೆ ತಂತಿ ಇತ್ತು. ಆರನೆಯದು ಬರಿಗಾಲು.

ಬೆಸುಗೆಯ ಸೀಸ ಸೋಕಿಯೇ ಇರಲಿಲ್ಲ. ಹೊಸದಾಗಿ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಹೊಳೆಯುತ್ತಿತ್ತು. ಕಪಾಟಿನಿಂದ ಹಳೆಯ ನಕ್ಷೆ ಹುಡುಕಿ ತೆಗೆದೆ. ಆರನೆಯ ಕಾಲಿನ ತಂತಿಯ ಮೇಲೆ ಕೆಂಪು ಗುರುತು, ಉಳಿದವಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇತ್ತು. ಡ್ರಾಯರಿನಲ್ಲಿ ಕ್ಲಿಪ್ಪೂ ಸಿಕ್ಕಿತು.

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ನನ್ನ ಮುಖ ನೋಡಿ ಹತ್ತಿರ ಬಂದಳು.

“ಏನಾಯ್ತು?”

“ಇಲ್ಲೊಂದು ಕಾಲಿಗೆ ಗ್ರೌಂಡ್ ಕೊಟ್ಟಿಲ್ಲ.”

“ಗ್ರೌಂಡ್ ಅಂದ್ರೆ?”

“ನಿನ್ನ ಇಸ್ತ್ರಿಪೆಟ್ಟಿಗೆ ಪ್ಲಗ್ಗಲ್ಲಿ ದಪ್ಪದೊಂದು ಮೂರನೇ ಪಿನ್ ಇರುತ್ತಲ್ಲ, ಅದು ಹೋಗಿ ಸೇರೋದು.”

“ಓ, ಅದಾ? ತಂಗಿ ಗಂಡ ಪ್ಲಗ್ ಹಾಕಿಕೊಟ್ಟಾಗ ಹೇಳಿದ್ರು. ಅರ್ಥ್ ಅಂತಾರೆ ಅದಕ್ಕೆ.” ಅವಳು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. “ಹಾಗಾದ್ರೆ ಈ ಕಾಲು ಅರ್ಥ್ ಆಗಿಲ್ಲ ಅನ್ನಿ.”

ನಾಲ್ಕು ವರ್ಷದ ಹಿಂದೆ ಅಂಗೈ ಅಡ್ಡ ಹಿಡಿದು ಅವನು ಹೇಳಿದ್ದು ಅಕ್ಷರ ಅಕ್ಷರವಾಗಿ ಅದನ್ನೇ. ನಾವು ಕಾಲೇಜಿನವರು ಗ್ರೌಂಡ್ ಎನ್ನುತ್ತೇವೆ, ವೈರಿಂಗಿನವರು ಅರ್ಥ್ ಎನ್ನುತ್ತಾರೆ. ತನಗೆ ಅರ್ಥವಾಗಿಲ್ಲ ಎಂದು ಅವನು ಹೇಳಿರಲೇ ಇಲ್ಲ. ಮೂರು ವಾರ ಕೂತು ಕಟ್ಟಿದ ನನಗೆ ಕಾಣದ್ದನ್ನು ಒಂದೇ ನೋಟಕ್ಕೆ ಕಂಡು, ಹದಿನೈದಿಪ್ಪತ್ತು ಜನರ ಮುಂದೆ ನನ್ನ ಮಾನ ಹೋಗದಿರಲೆಂದು ಪಿಸುಮಾತಿನಲ್ಲಿ ಹೇಳಿದ್ದ. ನಾನು ಗಟ್ಟಿಯಾಗಿ ಕೂಗಿ ಅವನ ಮಾನ ಕಳೆದೆ.

ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಎರಡಂಗುಲದ ಒಂದು ತುಂಡು ತಂತಿ ಕೈಗೆತ್ತಿಕೊಂಡಳು.

“ಇಷ್ಟೇನಾ?”

“ಇಷ್ಟೇ.”

“ಇಷ್ಟಕ್ಕೆ ನನ್ನ ತಂಗಿ ನಾಲ್ಕು ವರ್ಷದಿಂದ ಅಂಗಡಿಗೆ ಹೋದ್ರೂ ತಲೆ ತಗ್ಗಿಸಿ ನಿಲ್ತಾಳಾ?” ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ನಿಮಗಿನ್ನೊಂದು ಗೊತ್ತಿಲ್ಲ. ಅವಳ ಮಗಳು ಗಣಿತದಲ್ಲಿ ಯಾಕೆ ಹಿಂದೆ ಬಿದ್ದಳು ಅಂತ ನೀವು ಕೇಳ್ತಿದ್ರಲ್ಲ? ತರಗತಿಯಲ್ಲಿ ಕೈ ಎತ್ತೋದೇ ಇಲ್ವಂತೆ. ಒಂದ್ಸಲ ಎದ್ದು ‘ಅರ್ಥ ಆಗಿಲ್ಲ ಮಿಸ್’ ಅಂದಳಂತೆ, ಇಡೀ ತರಗತಿ ಅವಳ ಅಪ್ಪನ ಹೆಸರು ಕೂಗಿ ನಕ್ಕಿತಂತೆ. ಅವತ್ತಿಂದ ಆ ಮಾತು ಅವಳ ಬಾಯಿಂದ ಬಂದಿಲ್ಲ. ಅರ್ಥ ಆಗದಿದ್ರೂ ಸುಮ್ನೆ ಕೂರ್ತಾಳೆ. ನೀವು ಬೇರೆ ಮೇಷ್ಟ್ರು.”

ಆ ಹುಡುಗಿ ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ರಜೆಯಲ್ಲಿ ನಾನೇ ಅವಳಿಗೆ ಗಣಿತ ಹೇಳಿಕೊಡಲು ಕೂರಿಸಿಕೊಂಡು, ‘ಅರ್ಥ ಆಯ್ತಾ?’ ಎಂದು ಕೇಳಿ, ಅವಳು ತಲೆಯಾಡಿಸಿದ್ದನ್ನು ನಂಬಿದ್ದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಮರುದಿನ ಮಧ್ಯಾಹ್ನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಷಡ್ಡಕನ ಅಂಗಡಿಗೆ ಹೋದೆ. ವಾರ್ನಿಷಿನ ವಾಸನೆ, ಗೋಡೆಯುದ್ದಕ್ಕೂ ಸುಟ್ಟ ಮೋಟಾರುಗಳು. ಅವನು ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಾ ತುಟಿಯಲ್ಲೇ ಸುತ್ತು ಎಣಿಸುತ್ತಿದ್ದ. ನನ್ನನ್ನು ಕಂಡು, ಎಣಿಕೆ ಮರೆಯಬಾರದೆಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಸಂಖ್ಯೆ ಬರೆದು ಎದ್ದ.

ಮುಚ್ಚಳ ತೆಗೆದು ತೋರಿಸಿದೆ. “ನೀನು ಅವತ್ತು ಹೇಳಿದ್ದು ಈ ಕಾಲು.”

“ಹೂಂ. ಅದೇ ಕಾಲು,” ಎಂದ ಸಹಜವಾಗಿ.

“ಕಂಡ ಮೇಲೆ ನೀನೇ ಒಂದು ತಂತಿ ಹಾಕಿಬಿಡೋದಲ್ವಾ?”

“ಇನ್ನೊಬ್ಬರ ಕೆಲಸಕ್ಕೆ ಕೇಳದೆ ಕೈ ಹಾಕಬಾರದಲ್ಲಣ್ಣ. ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ. ನೀವು ಹೂಂ ಅಂದಿದ್ರೆ ಎರಡು ನಿಮಿಷದ ಕೆಲಸ.”

“ಗೊತ್ತಿದ್ದೂ ಎರಡನೇ ಸಲ ಗುಂಡಿ ಯಾಕೆ ತೋಡ್ದೆ?”

“ಅಗೆದ್ರೆ ತೋಳು ನೋಯುತ್ತೆ, ಅಷ್ಟೇ. ಅಲ್ಲಿ ನಿಮ್ಮನ್ನ ತಪ್ಪು ಅಂದಿದ್ರೆ ಅಕ್ಕ ತಂಗಿ ಮಾತು ಬಿಡ್ತಿದ್ರು.” ಅವನು ಕೈ ಒರೆಸಿಕೊಂಡ. “ನೀವು ಬೇಕು ಅಂತಲೇ ನನ್ನ ಮಾತನ್ನ ಹಾಗೆ ತಿರುಗಿಸಿದ್ರಿ ಅಂತ ನನಗೆ ಗೊತ್ತಿತ್ತು. ಬಿಡಿ, ಹಳೇ ಮಾತು.”

ಬೇಕು ಅಂತಲೇ! ನಾನು ತಪ್ಪು ಕೇಳಿಸಿಕೊಂಡೆ ಎಂಬುದು ಅವನ ಮನಸ್ಸಿಗೆ ಬಂದೇ ಇರಲಿಲ್ಲ. ನಾಲ್ಕು ವರ್ಷ ಅವನ ಕಣ್ಣಲ್ಲಿ ನಾನೊಬ್ಬ ತಿಳಿದೂ ತಿಳಿದೂ ಕತ್ತು ಕೊಯ್ದವನು. ಆ ಕತ್ತು ಕೊಯ್ದವನ ಮನೆಗೇ ಬಂದು, ಟೀ ಕುಡಿದು, ಸ್ವಿಚ್ ಬಿಗಿದು ಹೋಗುತ್ತಿದ್ದ. ನಾನು ತಡಬಡಿಸಿ ಹೇಳತೊಡಗಿದೆ, ಇಲ್ಲಪ್ಪ, ಆ ಗದ್ದಲದಲ್ಲಿ ನನಗೆ ‘ಅರ್ಥ ಆಗಿಲ್ಲ’ ಅಂತ ಕೇಳಿಸಿತು, ನಾವು ಅದಕ್ಕೆ ಗ್ರೌಂಡ್ ಅಂತೀವಿ, ದೇವರಾಣೆ, ಎಂದು. ಅವನು ಕೇಳುತ್ತಾ ನಿಂತಿದ್ದ. ಅವನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಬಂತು, ಒಂದು ನಗುವೂ ಬಂತು. ಆ ನಗು ನೋಡಿದಾಗಲೇ ನನಗೆ ಹೊಳೆದದ್ದು, ತಪ್ಪೊಪ್ಪಿಕೊಳ್ಳಲು ಬಂದ ನಾನು ನನ್ನ ವಕೀಲನಾಗಿ ನಿಂತಿದ್ದೇನೆ ಎಂದು.

“ಇರು,” ಎಂದೆ. “ಪೂರ್ತಿ ಹಾಗೂ ಅಲ್ಲ. ‘ಸ್ವಿಚ್ಚಿನ ಹತ್ರ ಒಂದು ಕಾಲು’ ಅಂದೆಯಲ್ಲ, ಆ ಮಾತು ನನಗೆ ಸರಿಯಾಗೇ ಕೇಳಿಸಿತ್ತು. ಅರ್ಥ ಆಗದವನು ಕಾಲು ಎಣಿಸಲ್ಲ. ಅದು ನನಗೆ ಆಗಲೇ ಚುಚ್ಚಿತ್ತು. ಮುಚ್ಚಳ ತೆಗೆದು ನೋಡೋಕೆ ಹೆದರಿ, ಬೇಕಾದ ಅರ್ಧ ಇಟ್ಕೊಂಡು ಬೇಡದ ಅರ್ಧ ಬಿಟ್ಟೆ.”

ಅವನ ನಗು ಹೋಯಿತು. ಗೋಡೆಯ ಮೇಲಿನ ಸಂಖ್ಯೆಯ ಕಡೆ ತಿರುಗಿದ.

“ಇದನ್ನ ನನಗೆ ಹೇಳಿ ಏನಣ್ಣ ಪ್ರಯೋಜನ?” ಎಂದ ಮೆಲ್ಲಗೆ. “ನನಗೆ ಮೊದಲೇ ಗೊತ್ತಿತ್ತಲ್ಲ.”

ಅವನು ಮತ್ತೆ ಸ್ಟೂಲಿನ ಮೇಲೆ ಕೂತು, ನಿಲ್ಲಿಸಿದ ಸುತ್ತಿನಿಂದ ಎಣಿಸತೊಡಗಿದ.

ಮುಂದಿನ ಭಾನುವಾರ ಬೆಳಗ್ಗೆ ವಾಚನಾಲಯದ ವಾರ್ಷಿಕ ಸಭೆ. ಮಾತಾಡಲು ಐದು ನಿಮಿಷ ಕೊಡಿ ಎಂದು ಅಧ್ಯಕ್ಷರನ್ನು ಕೇಳಿಕೊಂಡೆ. ಹೊಸ ಸಲಕರಣೆಯ ವಿಷಯ ಮಾತಾಡುತ್ತೇನೆಂದುಕೊಂಡು ಅವರು ಸಂತೋಷದಿಂದ ಒಪ್ಪಿದರು. ಹಿಂದಿನ ಸಾಲಿನಲ್ಲಿ ಷಡ್ಡಕ, ನಾದಿನಿ, ನಡುವೆ ಹದಿನಾಲ್ಕರ ಅವರ ಮಗಳು. ನನ್ನ ಹೆಂಡತಿ ನನ್ನ ಪಕ್ಕದ ಕುರ್ಚಿ ಬಿಟ್ಟು ಅವರ ಜೊತೆ ಹೋಗಿ ಕೂತಳು.

ಹಳೆಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಟೇಪ್ ಡೆಕ್ಕಿಗೂ ಸ್ಪೀಕರಿಗೂ ಜೋಡಿಸಿ, ಒಂದು ಹಾಡು ಹಾಕಿ, ಸ್ವಿಚ್ಚನ್ನು ಟೇಪಿನ ಕಡೆ ತಿರುಗಿಸಿದೆ. ಗುಂಯ್ ಎಂದಿತು. ಯಾರೋ ಕೂಡಲೇ ‘ಅರ್ಥಾಗಿಲ್ಲ!’ ಎಂದು ಕೂಗಿದರು, ನಗು ಎದ್ದಿತು. ನಾನು ಮುಚ್ಚಳ ತೆಗೆದು, ಮೊಸಳೆ ಕ್ಲಿಪ್ಪಿನ ಒಂದು ತುದಿಯನ್ನು ಆರನೆಯ ಕಾಲಿಗೆ, ಇನ್ನೊಂದನ್ನು ಗ್ರೌಂಡಿಗೆ ಕಚ್ಚಿಸಿದೆ. ಸದ್ದು ತಟ್ಟನೆ ನಿಂತಿತು. ಮೌನದಲ್ಲಿ ಹಾಡು ಮಾತ್ರ ಉಳಿಯಿತು. ಹಾಡನ್ನೂ ನಿಲ್ಲಿಸಿದೆ.

ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಮಡಚಿ ಜೇಬಿಗಿಟ್ಟೆ. ಬಾಯಿಗೆ ಬಂದಂತೆ ಹೇಳಿದೆ. ಕಟ್ಟಡದ ವೈರಿಂಗ್ ಮೊದಲ ದಿನದಿಂದ ಸರಿಯಾಗಿಯೇ ಇತ್ತು, ಈ ಕಾಲಿಗೆ ತಂತಿ ಹಾಕುವುದನ್ನು ಮರೆತವನು ನಾನು, ಅದನ್ನು ಕಂಡುಹಿಡಿದವರು ಅಲ್ಲಿ ಹಿಂದೆ ಕೂತಿರುವ ನನ್ನ ಷಡ್ಡಕರು, ಅವರು ‘ಅರ್ಥ್ ಆಗಿಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ‘ಅರ್ಥ ಆಗಿಲ್ಲ’ ಎಂದು ಮಾಡಿ ನಿಮ್ಮನ್ನೆಲ್ಲ ನಗಿಸಿದೆ, ಸತ್ಯ ನೋಡಲು ಹೆದರಿ ಹಾಗೆ ಮಾಡಿದೆ. ಶಾಲೆಯ ಕೆಲಸ ಅವರ ಕೈ ತಪ್ಪಿದ್ದು ನನ್ನಿಂದ. ಮಾತು ಮುಗಿದಾಗ ಅಧ್ಯಕ್ಷರು ನೆಲ ನೋಡುತ್ತಿದ್ದರು. ಏನು ಮಾಡಬೇಕೆಂದು ತೋಚದೆ ನಿಂತಿದ್ದ ನನ್ನ ಬಾಯಿಂದ ಆ ಹಾಳು ಚಾಳಿ ತಾನಾಗಿ ಹೊರಬಿತ್ತು.

“ಅರ್ಥ ಆಯ್ತಾ?”

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಮೊದಲು ಮೊಣಕೈವರೆಗೆ, ಆಮೇಲೆ ಪೂರ್ತಿಯಾಗಿ. ಷಡ್ಡಕನ ಮಗಳು ಎದ್ದುನಿಂತಳು. ಅವಳ ಮುಖ ಕೆಂಪಾಗಿತ್ತು, ದನಿ ಮಾತ್ರ ಸ್ಪಷ್ಟವಾಗಿತ್ತು.

“ಅರ್ಥ ಆಗಿಲ್ಲ ದೊಡ್ಡಪ್ಪ. ಇನ್ನೊಂದ್ಸಲ ಹೇಳಿ.”

ಯಾರೂ ನಗಲಿಲ್ಲ. ನಾನು ಕ್ಲಿಪ್ ಬಿಚ್ಚಿದೆ. ಗುಂಯ್ ಎನ್ನುವ ಸದ್ದು ಮತ್ತೆ ಎದ್ದಿತು. ಅವಳ ಮುಖವನ್ನೇ ನೋಡುತ್ತಾ ಮೊದಲಿನಿಂದ ಹೇಳತೊಡಗಿದೆ.